ಕನ್ವರ್ಟಿಬಲ್ ಕಾರನ್ನು ಟ್ರ್ಯಾಕ್‌ಗೆ ಒಯ್ಯುವ ಮುನ್ನ: ಸೀಟಿನ ಹಿಂದಿನ ಹೂಪ್ ನಿಮ್ಮ ತಲೆ ಕಾಯುತ್ತದೆಯೇ?

ಬೆಂಗಳೂರಿನಲ್ಲಿ ಟಾಪ್ ಮಡಚುವ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಕೆಲವು ತಿಂಗಳು ನಂದಿಬೆಟ್ಟದ ಕಡೆ ಓಡಾಡುತ್ತಾರೆ. ಆಮೇಲೆ ಅದೂ ಸಾಕಾಗಿ ರೇಸ್ ಟ್ರ್ಯಾಕ್ ಕಡೆ ನೋಡುತ್ತಾರೆ. ಒಳ್ಳೆಯದೇ. ಏರ್‌ಪೋರ್ಟ್ ರಸ್ತೆಯಲ್ಲಿ ಜೋರು ತೋರಿಸುವುದಕ್ಕಿಂತ ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟೆಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುವುದು ಎಲ್ಲರಿಗೂ ಕ್ಷೇಮ. ಆದರೆ ಹೊರಡುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು. ಕಾರು ಪಲ್ಟಿಯಾದರೆ ನಿಮ್ಮ ತಲೆಯ ಭಾರವನ್ನೂ ಕಾರಿನ ಭಾರವನ್ನೂ ಹೊರುವುದು ಯಾವುದು?

"ಕಂಪನಿಯವರೇ ಹೂಪ್ ಕೊಟ್ಟಿದ್ದಾರಲ್ಲ" ಅನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ಸೀಟಿನ ಹಿಂದೆ ಲೋಹದ ಕಮಾನು ಕೊಟ್ಟಿದ್ದಾರೆ, ನಿಜ. ಆದರೆ ಅದನ್ನು ರಸ್ತೆಗೆಂದು ಕೊಟ್ಟಿದ್ದಾರೆ. ರಸ್ತೆಯಲ್ಲಿ ಯಾರೂ ಹೆಲ್ಮೆಟ್ ಹಾಕಿಕೊಂಡು ಕಾರು ಓಡಿಸುವುದಿಲ್ಲ. ಹೆಲ್ಮೆಟ್ ಹಾಕಿದ ತಕ್ಷಣ ನಿಮ್ಮ ನೆತ್ತಿ ನಾಲ್ಕೈದು ಸೆಂಟಿಮೀಟರ್ ಮೇಲೆ ಹೋಗುತ್ತದೆ. ಹೂಪ್ ಇದ್ದಲ್ಲೇ ಇರುತ್ತದೆ. ಹಾಗಾಗಿ ಒಂದೇ ಕಾರು ಐದೂಕಾಲು ಅಡಿಯವರಿಗೆ ಸರಿಹೋಗಿ, ಆರಡಿಯವರಿಗೆ ಸರಿಹೋಗದೆ ಇರಬಹುದು. ಈ ಬರಹ ಪೂರ್ತಿ ಆ ಅಳತೆಯ ಸುತ್ತಲೇ ಇದೆ.

ಮೊದಲು, ಇಷ್ಟು ತಗ್ಗಿನ ಕಾರು ಪಲ್ಟಿಯಾಗುವುದಾದರೂ ಹೇಗೆ?

ಸಮತಟ್ಟು ಟಾರಿನ ಮೇಲೆ ಸ್ಪೋರ್ಟ್ಸ್ ಕಾರು ಸುಲಭಕ್ಕೆ ಮಗುಚುವುದಿಲ್ಲ. ಲೆಕ್ಕ ನೋಡಿ. ಎಡ ಬಲ ಚಕ್ರಗಳ ನಡುವೆ 1.55 ಮೀಟರ್ ಇದೆ, ಕಾರಿನ ಭಾರದ ಕೇಂದ್ರ ನೆಲದಿಂದ 0.45 ಮೀಟರ್ ಮೇಲಿದೆ ಅಂದುಕೊಳ್ಳಿ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಸುಮಾರು 1.7 ಬರುತ್ತದೆ. ಅಂದರೆ ಮಗುಚಲು ಪಕ್ಕಕ್ಕೆ 1.7 ಜಿ, ಕಾರಿನ ತೂಕದ 1.7 ಪಟ್ಟು, ಬಲ ಬೇಕು. ರಸ್ತೆಯ ಟೈರ್ ಹಿಡಿಯುವುದೇ ಹೆಚ್ಚುಕಡಿಮೆ 1 ಜಿ. ಮಗುಚುವ ಮುಂಚೆಯೇ ಕಾರು ಜಾರುತ್ತದೆ.

ತೊಂದರೆ ಶುರುವಾಗುವುದು ಜಾರಿಕೊಂಡು ಹೋಗಿ ಏನಕ್ಕಾದರೂ ತಡೆದಾಗ. ಅಡ್ಡಡ್ಡ ಜಾರುವ ಚಕ್ರ ಟ್ರ್ಯಾಕ್ ಅಂಚಿನ ಮಣ್ಣಿನಲ್ಲೋ ಜಲ್ಲಿಯಲ್ಲೋ ಹೂತುಕೊಳ್ಳುತ್ತದೆ. ಅಥವಾ ಅಂಚಿನ ಕಟ್ಟೆಗೆ, ಅಂದರೆ ಕರ್ಬ್‌ಗೆ, ಬಡಿಯುತ್ತದೆ. ಚಕ್ರ ನಿಂತಿತು, ಮೇಲಿನ ಕಾರು ನಿಲ್ಲಲಿಲ್ಲ, ಅಷ್ಟೇ. ಟ್ರ್ಯಾಕ್‌ನಲ್ಲಿ ಪಲ್ಟಿಗಳು ಹೆಚ್ಚಾಗಿ ಆಗುವುದು ಹೀಗೆ. ಆದ್ದರಿಂದ "ನಾನೇನು ಅಷ್ಟು ಜೋರಾಗಿ ಓಡಿಸಲ್ಲ" ಅನ್ನುವ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತಿರುವಿನಲ್ಲಿ ಒಂದು ಸಲ ಹೊರಗೆ ಜಾರಿದರೆ ಸಾಕು.

ಮೆತ್ತಗಿನ ನೆಲದಲ್ಲಿ ಇನ್ನೊಂದು ಸಮಸ್ಯೆಯೂ ಇದೆ. ತೆಳ್ಳಗಿನ ಹೂಪ್ ಮಣ್ಣಿಗೆ ಚುಚ್ಚಿಕೊಂಡು ಇಳಿಯುತ್ತದೆ. 2022ರ ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನ ಬ್ರಿಟಿಷ್ ಗ್ರ್ಯಾನ್‌ಪ್ರಿ ರೇಸಿನಲ್ಲಿ ಚಾಲಕ ಝೋ ಗುವಾನ್ಯು ಅವರ ಆಲ್ಫಾ ರೋಮಿಯೋ ತಲೆಕೆಳಗಾದಾಗ ಅದರ ರೋಲ್ ಹೂಪ್ ಕಿತ್ತುಹೋಯಿತು. ಉಳಿಸಿದ್ದು ತಲೆಯ ಸುತ್ತಲಿನ ಹೇಲೋ ಅನ್ನುವ ಲೋಹದ ಚೌಕಟ್ಟು. ಆಮೇಲೆ 2023ಕ್ಕೆ ಮೋಟಾರು ರೇಸಿಂಗ್‌ನ ಜಾಗತಿಕ ಸಂಸ್ಥೆ ಎಫ್‌ಐಎ ನಿಯಮ ಬಿಗಿ ಮಾಡಿತು. ಹೂಪ್‌ನ ತುದಿ ನೆಲಕ್ಕೆ ನಾಟದಂತೆ ದುಂಡಗಿರಬೇಕು ಅನ್ನುವುದೂ ಅದರಲ್ಲಿ ಸೇರಿತು. ಫಾರ್ಮುಲಾ 1 ಕಾರಿಗೇ ಹೀಗಾದರೆ ನಮ್ಮ ಎರಡು ಸೀಟಿನ ತೆರೆದ ಕಾರಿನ, ಅಂದರೆ ರೋಡ್‌ಸ್ಟರ್‌ನ, ಹೂಪ್ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ತಪ್ಪಲ್ಲ.

ಹಂತ 1: ನಿಮ್ಮ ಕಾರಿನಲ್ಲಿರುವುದು ಯಾವ ಬಗೆ ಅಂತ ಗುರುತಿಸಿ

ಕಾರ್ಖಾನೆಯಿಂದ ಬರುವ ರಕ್ಷಣೆ ಸುಮಾರಾಗಿ ಎರಡು ಬಗೆ. ಮೂರನೆಯದು ರಕ್ಷಣೆಯಂತೆ ಕಾಣುವ ಅಲಂಕಾರ.

ಮೊದಲನೆಯದು ಸದಾ ನಿಂತೇ ಇರುವ ಹೂಪ್. 1996ರಲ್ಲಿ ಬಂದ ಮೊದಲ ಪೋರ್ಷೆ ಬಾಕ್ಸ್‌ಟರ್‌ನಿಂದ 718 ಬಾಕ್ಸ್‌ಟರ್‌ವರೆಗೆ ಸೀಟುಗಳ ಹಿಂದೆ ಇದೇ ಇದೆ. ಹೋಂಡಾ ಎಸ್2000, ಬಿಎಂಡಬ್ಲ್ಯೂ ಝಡ್4, ಮರ್ಸಿಡಿಸ್ ಎಸ್‌ಎಲ್‌ಕೆ ಕೂಡ ಈ ಗುಂಪಿನವು. ಟ್ರ್ಯಾಕ್ ಮಟ್ಟಿಗೆ ನನಗೆ ಇಷ್ಟ ಇದೇ. ಸೆನ್ಸರ್ ಇಲ್ಲ, ಸ್ಪ್ರಿಂಗ್ ಇಲ್ಲ, ಕಣ್ಣಿಗೆ ಕಾಣುತ್ತದೆ, ಟೇಪ್ ಹಿಡಿದು ಅಳೆಯಬಹುದು.

ಎರಡನೆಯದು ಬೇಕಾದಾಗ ಹೊರಗೆ ಚಿಮ್ಮುವ ಬಾರ್. 1989ರ ಮರ್ಸಿಡಿಸ್ ಎಸ್‌ಎಲ್ ಇದನ್ನು ಜನಪ್ರಿಯಗೊಳಿಸಿತು. ಕಾರು ಮಗುಚುತ್ತಿದೆ ಅನ್ನಿಸಿದರೆ 0.3 ಸೆಕೆಂಡಿನಲ್ಲಿ ಬಾರ್ ಎದ್ದು ನಿಲ್ಲುತ್ತಿತ್ತು. ಪೋರ್ಷೆ 911 ಕ್ಯಾಬ್ರಿಯೊಲೆ, ಈಚಿನ ಮಿನಿ ಕನ್ವರ್ಟಿಬಲ್, ನಾಲ್ಕು ಸೀಟಿನ ಎಷ್ಟೋ ಕನ್ವರ್ಟಿಬಲ್‌ಗಳಲ್ಲಿ ಇಂಥದ್ದೇ ಇದೆ. ಹಿಂದಿನ ಸೀಟಿನ ಹೆಡ್‌ರೆಸ್ಟ್ ಬಳಿ ಅಡಗಿ ಕೂತಿರುತ್ತದೆ.

ಮೂರನೆಯದರ ಬಗ್ಗೆ ಎಚ್ಚರ. ಹೊಳೆಯುವ ಸ್ಟೈಲ್ ಬಾರ್, ಸೀಟಿನ ಹಿಂದಿನ ಪ್ಲಾಸ್ಟಿಕ್ ಗೂನು, ಗಾಳಿ ತಡೆಯುವ ಜಾಲರಿ ಹಿಡಿಯಲು ಕೊಟ್ಟ ಚೌಕಟ್ಟು, ಇವು ಯಾವುವೂ ಲೆಕ್ಕಕ್ಕಿಲ್ಲ. 1989ರಲ್ಲಿ ಬಂದ ಮೊದಲ ಮಾಝ್ಡಾ ಮಿಯಾಟಾದಲ್ಲಿ ಕಾರ್ಖಾನೆಯ ಹೂಪ್ ಅನ್ನುವುದೇ ಇರಲಿಲ್ಲ. ಆಮೇಲೆ ಮಾಲೀಕರು ಹಾಕಿಸಿಕೊಂಡ ಸ್ಟೈಲ್ ಬಾರ್‌ಗಳನ್ನು ನೋಡಿ ಮೋಸಹೋಗುವವರು ಜಾಸ್ತಿ.

ತೆಗೆದಿಡುವ ಹಾರ್ಡ್‌ಟಾಪ್ ಆಗಲಿ, ಬಟನ್ ಒತ್ತಿದರೆ ಮಡಚಿಕೊಳ್ಳುವ ಲೋಹದ ಟಾಪ್ ಆಗಲಿ ಮುಚ್ಚಿದ ಕಾರಿನ (ಕೂಪೆ) ಖಾಯಂ ರೂಫ್‌ಗೆ ಸಮ ಅಲ್ಲ. ಟಾಪ್ ಮುಚ್ಚಿದರೆ ಕೈ ಹೊರಗೆ ಚಾಚುವುದು ತಪ್ಪುತ್ತದೆ, ಕಲ್ಲುಮಣ್ಣು ಒಳಗೆ ಬರುವುದಿಲ್ಲ. ಭಾರ ಹೊರುವ ವಿಷಯದಲ್ಲಿ ಅದನ್ನು ಮರೆತುಬಿಡಿ. ಅಮೆರಿಕದಲ್ಲಿ ರೂಫ್ ಇಡೀ ಕಾರಿನ ತೂಕದ 3 ಪಟ್ಟು ಹೊರಬೇಕು ಅನ್ನುವ ನಿಯಮ ಇದೆ. ಕನ್ವರ್ಟಿಬಲ್‌ಗಳಿಗೆ ಅದರಿಂದ ವಿನಾಯಿತಿ ಕೊಟ್ಟಿದ್ದಾರೆ. ಹಾಗಾಗಿ "ಅಷ್ಟು ದುಬಾರಿ ಕಾರು, ಟೆಸ್ಟ್ ಮಾಡದೆ ಬಿಟ್ಟಿರ್ತಾರಾ" ಅಂತ ಊಹಿಸಿಕೊಂಡು ಕೂರಬೇಡಿ.

(ಥಾರ್ ಇಟ್ಟುಕೊಂಡವರು ಯಾರಾದರೂ ಇದ್ದೇ ಇರುತ್ತಾರೆ. ಸಾಫ್ಟ್‌ಟಾಪ್ ಥಾರ್‌ನಲ್ಲಿ ಒಳಗೇ ರೋಲ್ ಕೇಜ್ ಇದೆ, ಒಪ್ಪಿದೆ. ಆದರೆ ಅಷ್ಟು ಎತ್ತರದ ಗಾಡಿಗೆ ಮೇಲಿನ 1.7ರ ಲೆಕ್ಕ ಹೊಂದುವುದಿಲ್ಲ. ಅದನ್ನು ಸಕಲೇಶಪುರದ ಕಡೆ ಒಯ್ಯಿರಿ.)

ಹಂತ 2: ಹೊದಿಕೆ ಬಿಚ್ಚಿ ಒಳಗೆ ನೋಡಿ

ಹೂಪ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಸಿ. ನಿಮಗೆ ಗೊತ್ತಿರುವ ಗ್ಯಾರೇಜ್‌ನಲ್ಲಿ ಅರ್ಧ ಗಂಟೆಯ ಕೆಲಸ. ಟ್ಯೂಬ್ ಕೆಳಗೆ ಎಲ್ಲಿಗೆ ಹೋಗಿ ಸೇರುತ್ತದೆ ನೋಡಿ. ಸೀಟಿನ ಹಿಂದಿನ ದಪ್ಪ ಗೋಡೆಗೋ ಚಾಸಿಯ ಅಡ್ಡಪಟ್ಟಿಗೋ ದೊಡ್ಡ ಬೋಲ್ಟ್‌ಗಳಲ್ಲಿ ಅಥವಾ ವೆಲ್ಡ್‌ನಲ್ಲಿ ಸೇರಿದ್ದರೆ ಅದು ಕೆಲಸದ ಹೂಪ್. ತೆಳು ತಗಡಿಗೆ ಎರಡು ಸಣ್ಣ ಸ್ಕ್ರೂ ಹಾಕಿ ನಿಲ್ಲಿಸಿದ್ದರೆ ಅದು ಅಲಂಕಾರ. ಅಯಸ್ಕಾಂತ ಹಿಡಿದು ತೀರ್ಮಾನಿಸಬೇಡಿ, ಅಲ್ಯೂಮಿನಿಯಂನಲ್ಲಿ ಮಾಡಿದ ಅಸಲಿ ಹೂಪ್‌ಗಳೂ ಇವೆ.

ಸೆಕೆಂಡ್ ಹ್ಯಾಂಡ್ ಕಾರಾದರೆ ಇಲ್ಲಿ ಇನ್ನಷ್ಟು ಕಣ್ಣಿಡಿ. ಬೋಲ್ಟ್ ತಲೆಯ ಪೇಂಟ್ ಕಿತ್ತಿದೆಯೇ, ಟ್ಯೂಬ್ ಮೇಲೆ ಹೊಸ ಪೇಂಟ್ ಇದೆಯೇ, ಎಡ ಬಲ ಹೂಪ್‌ಗಳ ಎತ್ತರದಲ್ಲಿ ವ್ಯತ್ಯಾಸ ಇದೆಯೇ? ಒಂದು ಸಲ ಭಾರ ಹೊತ್ತು ಬಾಗಿದ ಹೂಪನ್ನು ಯಾರೋ ನೆಟ್ಟಗೆ ಮಾಡಿ ಕೂರಿಸಿದ್ದರೆ ಅದನ್ನು ನಂಬಬೇಡಿ.

ಮುಂದಿನ ಅರ್ಧವನ್ನೂ ಮರೆಯಬೇಡಿ. ಹೂಪ್ ಹಿಂದಿನ ಕಂಬ, ವಿಂಡ್‌ಶೀಲ್ಡ್‌ನ ಫ್ರೇಮ್ ಮುಂದಿನ ಕಂಬ. ಬಟ್ಟೆ ಒಣಹಾಕುವ ಹಗ್ಗದ ಹಾಗೆ: ಒಂದು ಕಂಬ ಬಿದ್ದರೆ ಇನ್ನೊಂದು ಎಷ್ಟು ಗಟ್ಟಿ ಇದ್ದರೂ ಹಗ್ಗ ನೆಲಕ್ಕೇ. ಬಾಕ್ಸ್‌ಟರ್‌ನಂಥ ಕಾರುಗಳಲ್ಲಿ ಈ ಫ್ರೇಮಿನ ಒಳಗೆ ಗಟ್ಟಿ ಉಕ್ಕಿನ ಕೊಳವೆ ಸೇರಿಸಿರುತ್ತಾರೆ. ಹಳೆಯ ಹಗುರ ರೋಡ್‌ಸ್ಟರ್‌ಗಳಿಂದ ಅಷ್ಟು ನಿರೀಕ್ಷಿಸುವಂತಿಲ್ಲ. ಆ ಫ್ರೇಮ್ ತುಕ್ಕು ಹಿಡಿದಿದ್ದರೆ, ಗ್ಲಾಸ್ ಬದಲಿಸುವಾಗ ಕೊಯ್ದು ಬೆಸೆದಿದ್ದರೆ, ಅಲ್ಲಿಗೆ ನಿಲ್ಲಿಸಿ.

ಹಂತ 3: ಕೋಲಿನ ಪರೀಕ್ಷೆ

ಎಲ್ಲಕ್ಕಿಂತ ಮುಖ್ಯ ಇದೇ. ಅಮೆರಿಕದ ಟ್ರ್ಯಾಕ್ ಕ್ಲಬ್‌ಗಳಲ್ಲಿ ಪೊರಕೆ ಕೋಲು ಹಿಡಿದು ಮಾಡುತ್ತಾರೆ. ನಮಗೆ ಹಾರ್ಡ್‌ವೇರ್ ಅಂಗಡಿಯ 2 ಮೀಟರ್ ಅಲ್ಯೂಮಿನಿಯಂ ಪಟ್ಟಿ ಇನ್ನೂ ಒಳ್ಳೆಯದು, ಬಾಗುವುದಿಲ್ಲ. ಪರದೆಯ ರಾಡ್ ಬೇಡ, ನಡುವೆ ಜೋಲುತ್ತದೆ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಮಟ್ಟವಾದ ಜಾಗ ನೋಡಿ ಕಾರು ನಿಲ್ಲಿಸಿ. ಟಾಪ್ ಇಳಿಸಿ. ಟ್ರ್ಯಾಕ್‌ಗೆ ಹಾಕುವ ಹೆಲ್ಮೆಟ್ಟನ್ನೇ ಹಾಕಿ, ಅದೇ ಶೂ ಹಾಕಿ. ಓಡಿಸುವಾಗ ಎಲ್ಲಿ ಕೂರುತ್ತೀರೋ ಸೀಟು ಅಲ್ಲೇ ಇರಲಿ. ಬೆಲ್ಟ್ ಬಿಗಿಯಾಗಿ ಎಳೆದುಕೊಳ್ಳಿ. ಬೆನ್ನು ಪೂರ್ತಿ ಸೀಟಿಗೆ ಒತ್ತಿ, ಕತ್ತು ನೆಟ್ಟಗೆ. ಈಗ ಸ್ನೇಹಿತರೊಬ್ಬರು ಪಟ್ಟಿಯ ಒಂದು ತುದಿಯನ್ನು ನಿಮ್ಮ ಹಿಂದಿನ ಹೂಪ್‌ನ ನೆತ್ತಿಯ ಮೇಲೆ, ಇನ್ನೊಂದನ್ನು ವಿಂಡ್‌ಶೀಲ್ಡ್ ಫ್ರೇಮ್‌ನ ಮೇಲಂಚಿನ ಮೇಲೆ ಇಡಲಿ. ಪಟ್ಟಿಗೂ ಹೆಲ್ಮೆಟ್‌ಗೂ ನಡುವಿನ ಸಂದು ಎಷ್ಟು?

5 ಸೆಂಟಿಮೀಟರ್ ಬೇಕು. ಅಮೆರಿಕದ ಕ್ಲಬ್‌ಗಳಲ್ಲಿ ವಾಡಿಕೆಯಲ್ಲಿರುವ 2 ಇಂಚಿನ ಅಳತೆ ಅದು. ಸೀಟಿನ ಫೋಮ್ ಕುಗ್ಗುತ್ತದೆ ಹಿಗ್ಗುತ್ತದೆ, ಬೆಲ್ಟ್ ಎಳೆಯುತ್ತದೆ, ತಲೆಕೆಳಗಾದಾಗ ಮೈ ರೂಫ್ ಕಡೆಗೇ ಇಳಿಯುತ್ತದೆ, ಹೂಪ್ ಮಣ್ಣಿಗೆ ಇಳಿಯುತ್ತದೆ. ಇದಕ್ಕೆಲ್ಲ ಸೇರಿ ಆ 5 ಸೆಂಟಿಮೀಟರ್.

ಇಲ್ಲೇ ಜನ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ. ಪಟ್ಟಿ ಹೆಲ್ಮೆಟ್‌ಗೆ ತಗುಲಿದ ತಕ್ಷಣ ಸೊಂಟ ಸ್ವಲ್ಪ ಮುಂದೆ ಜಾರುತ್ತದೆ, ಗಲ್ಲ ಎದೆಗೆ ಬರುತ್ತದೆ, "ಈಗ ನೋಡು" ಅಂತಾರೆ. ಹಾಗೆ ಕೂತು ಯಾರೂ ತಿರುವು ತೆಗೆದುಕೊಳ್ಳುವುದಿಲ್ಲ. ಪಕ್ಕದಿಂದ ಒಂದು ಫೋಟೊ ತೆಗೆಸಿಕೊಳ್ಳಿ. ಕ್ಯಾಮೆರಾ ಹೆಲ್ಮೆಟ್ ಎತ್ತರದಲ್ಲೇ ಇರಲಿ, ಮೇಲಿನಿಂದ ತೆಗೆದರೆ ಸಂದಿನ ಅಳತೆ ತಪ್ಪಾಗಿ ಕಾಣುತ್ತದೆ. ಆಯೋಜಕರು ಕೇಳಿದಾಗ ಕಳಿಸಲೂ ಅದೇ ಫೋಟೊ ಆಗುತ್ತದೆ.

ಪಕ್ಕದ ಸೀಟಿಗೂ ಇದೇ ಪರೀಕ್ಷೆ ಮಾಡಿ. ಕಲಿಸುವವರು ಕೂರುವುದು ಅಲ್ಲಿ. ನಿಮಗಿಂತ ಎತ್ತರದವರು ಬಂದರೆ ಅವರ ತಲೆ ಕಾಯುವ ಹೊಣೆಯೂ ನಿಮ್ಮದೇ, ಅಲ್ವಾ?

ಹಂತ 4: ಸಂದು ಕಡಿಮೆ ಬಂದರೆ

ಹೂಪನ್ನು ಎತ್ತರಿಸಲು ಆಗುವುದಿಲ್ಲ, ನೀವು ಇಳಿಯಬೇಕು. ಮೊದಲು ಸೀಟಿನ ಎತ್ತರದ ಲಿವರ್ ಪೂರ್ತಿ ಕೆಳಗಿದೆಯೇ ನೋಡಿ, ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಆಮೇಲೆ ಸೀಟಿನ ತಳದ ಫೋಮ್ ತೆಳು ಮಾಡಿಸಬಹುದು, ಇಲ್ಲವೇ ಫಿಕ್ಸೆಡ್ ಬಕೆಟ್ ಸೀಟನ್ನು ತಗ್ಗಾಗಿ ಕೂರಿಸಬಹುದು. ಬೆನ್ನನ್ನು ಹಿಂದಕ್ಕೆ ಒರಗಿಸಿ ಅಳತೆ ಗೆಲ್ಲುವುದು ಮಾತ್ರ ಬೇಡ. ಸ್ಟೀರಿಂಗ್ ಕೈಗೆ ದೂರವಾಗುತ್ತದೆ, ಡಿಕ್ಕಿಯಾದಾಗ ಮೈ ಸೊಂಟದ ಬೆಲ್ಟ್ ಕೆಳಗೆ ಜಾರುತ್ತದೆ.

ಸೀಟು ಬದಲಿಸುವಾಗ ಒಂದು ಸಿಕ್ಕು. ಸೀಟಿನಲ್ಲಿ ಸೈಡ್ ಏರ್‌ಬ್ಯಾಗ್ ಇರಬಹುದು, ಕೂತಿರುವುದನ್ನು ಗುರುತಿಸುವ ಸೆನ್ಸರ್ ಇರಬಹುದು. ಅದರ ವೈರ್ ಕಿತ್ತರೆ ಏರ್‌ಬ್ಯಾಗ್ ಲೈಟ್ ಉರಿಯುತ್ತದೆ. ಚಿಮ್ಮುವ ಬಾರ್ ಇರುವ ಎಷ್ಟೋ ಕಾರುಗಳಲ್ಲಿ ಬಾರ್‌ಗೆ ಆದೇಶ ಕೊಡುವುದೂ ಅದೇ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್. ಸೀಟು ಸರಿ ಮಾಡಲು ಹೋಗಿ ಬಾರನ್ನೇ ಕೆಡಿಸಿಕೊಂಡ ಹಾಗಾಗುತ್ತದೆ.

ಇಷ್ಟು ಮಾಡಿಯೂ 5 ಸೆಂಟಿಮೀಟರ್ ಸಿಗದಿದ್ದರೆ ಆ ಕಾರ್ಖಾನೆಯ ಹೂಪ್ ನಿಮಗಲ್ಲ. ಅದಕ್ಕಿಂತ ಎತ್ತರದ ಉಕ್ಕಿನ ಕಮಾನು, ಅಂದರೆ ರೋಲ್ ಬಾರ್, ಹಾಕಿಸಿ, ಇಲ್ಲವೇ ಆ ದಿನಕ್ಕೆ ಮುಚ್ಚಿದ ಕಾರು ತೆಗೆದುಕೊಂಡು ಹೋಗಿ. ಸಾಧಾರಣ ಪೋಲೋ ಆದರೂ ನಡೆಯುತ್ತದೆ. ಮಜಾ ಕಡಿಮೆ ಏನಿಲ್ಲ.

ಹಂತ 5: ಚಿಮ್ಮುವ ಬಾರ್ ಇದ್ದವರಿಗೆ

ನೇರವಾಗಿ ಹೇಳುತ್ತೇನೆ, ಟ್ರ್ಯಾಕ್‌ಗೆ ಇದೊಂದನ್ನೇ ನಂಬಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಸೆನ್ಸರ್ ಕಾರಿನ ವಾಲುವಿಕೆ, ಪಕ್ಕದ ಬಲ, ಕಾರು ನೆಲ ಬಿಟ್ಟ ಸ್ಥಿತಿ ಇಂಥವನ್ನು ನೋಡಿ ತೀರ್ಮಾನಿಸುತ್ತದೆ. ಕರ್ಬ್ ಹತ್ತಿ ಕಾರು ಹಾರಿದರೆ ಪಲ್ಟಿಯಾಗದೆಯೂ ಬಾರ್ ಎದ್ದುಬಿಡಬಹುದು. ಜತೆಗೆ ಕೋಲಿನ ಪರೀಕ್ಷೆ ಮಾಡಲು ಬಾರ್ ಮೇಲೆ ಇರಬೇಕು. ಹಳೆಯ ಎಸ್‌ಎಲ್‌ನಲ್ಲಿ ಅದಕ್ಕೆ ಬಟನ್ನೇ ಇತ್ತು. ಅದರಲ್ಲಾದರೆ ಬಾರ್ ಎತ್ತಿಯೇ ಲ್ಯಾಪ್ ಹೊಡೆಯಬಹುದು. ಬೇರೆ ಕಾರುಗಳಲ್ಲಿ ಡಯಾಗ್ನೋಸ್ಟಿಕ್ ಟೂಲ್ ಇರುವ ಗ್ಯಾರೇಜ್ ಬೇಕು.

ಆದರೂ ಹೋಗುವುದಾದರೆ: ಏರ್‌ಬ್ಯಾಗ್ ಅಥವಾ ರೋಲ್ ಬಾರ್ ಲೈಟ್ ಉರಿಯುತ್ತಿದ್ದರೆ ಹೊರಡಲೇಬೇಡಿ. ಬ್ಯಾಟರಿ ಸುಸ್ತಾಗಿದ್ದರೆ ಬದಲಿಸಿ. ಬಾರ್ ಏಳುವ ಜಾಗದ ಮೇಲೆ ಬ್ಯಾಗು, ಜಾಕೆಟ್, ಕ್ಯಾಮೆರಾ ಸ್ಟ್ಯಾಂಡ್ ಏನೂ ಇಡಬೇಡಿ. ಒಮ್ಮೆ ಎದ್ದ ಮೇಲೆ ಹಳೆಯ ಸ್ಪ್ರಿಂಗ್ ಬಗೆಯದನ್ನು ಕೆಲವು ಕಾರುಗಳಲ್ಲಿ ಒತ್ತಿ ಮತ್ತೆ ಕೂರಿಸಬಹುದು. ಮದ್ದು ಸಿಡಿಸಿ ಬಿಡುಗಡೆ ಮಾಡುವ ಬಗೆಯಾದರೆ ಹೊಸ ಭಾಗ ಹಾಕಿಸಬೇಕು, ಬಿಲ್ ದೊಡ್ಡದೇ ಬರುತ್ತದೆ.

ಹಂತ 6: ರೋಲ್ ಬಾರ್ ಮಾಡಿಸುವುದಾದರೆ

ನಿಮ್ಮ ಮಾಡೆಲ್‌ಗೇ ತಯಾರಾದ ಬೋಲ್ಟ್ ಹಾಕುವ ಬಾರ್ ಸಿಕ್ಕರೆ ತರಿಸಿಕೊಳ್ಳುವುದು ಮೊದಲ ಆಯ್ಕೆ. ಇಲ್ಲದಿದ್ದರೆ ಪೀಣ್ಯದಲ್ಲಿ ಟ್ಯೂಬ್ ಬಗ್ಗಿಸುವವರು ಬೇಕಾದಷ್ಟಿದ್ದಾರೆ. ಆದರೆ ಗೇಟು ಗ್ರಿಲ್ ಮಾಡುವವರ ಕೈಗೆ ಈ ಕೆಲಸ ಕೊಡಬೇಡಿ. ಅವರು ತಪ್ಪು ಮಾಡುತ್ತಾರೆ ಅಂತಲ್ಲ, ಅವರ ಬಳಿ ಇರುವ ಪೈಪೇ ಬೇರೆ. ತುಂಡೊಂದನ್ನು ಕೈಗೆ ತೆಗೆದುಕೊಂಡು ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ. ಉದ್ದಕ್ಕೂ ಒಂದು ಸಣ್ಣ ಏಣು ಓಡಿದ್ದು ಕಂಡರೆ, ಬೆರಳು ಸವರಿದಾಗ ತಡೆದರೆ, ಅದು ತಗಡು ಸುತ್ತಿ ಬೆಸೆದ ಇಆರ್‌ಡಬ್ಲ್ಯೂ ಪೈಪ್. ನಿಮಗೆ ಬೇಕಾದ್ದು ಬೆಸುಗೆಯೇ ಇಲ್ಲದ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪ್. ಮೆಟೀರಿಯಲ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಎಫ್‌ಐಎ ನಿಯಮದ ಅಳತೆಗಳನ್ನು ಬರೆದುಕೊಂಡೇ ಹೋಗಿ. ಮುಖ್ಯ ಬಾರ್‌ಗೆ 45 ಮಿಲಿಮೀಟರ್ ವ್ಯಾಸ 2.5 ದಪ್ಪ, ಅಥವಾ 50 ವ್ಯಾಸ 2.0 ದಪ್ಪ. ಹಿಂದಕ್ಕೆ ಹೋಗುವ ಆಧಾರಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2.0. ಮುಖ್ಯ ಬಾರ್ ಕಾರಿನ ಬಾಡಿಗೆ ಸೇರುವಲ್ಲಿ ಕನಿಷ್ಠ 3 ಮಿಲಿಮೀಟರ್ ದಪ್ಪ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಪ್ಲೇಟು. ಅದರ ಪ್ರತಿ ಪಾದಕ್ಕೆ ಕನಿಷ್ಠ 3 ಬೋಲ್ಟು, ಎಂ8, 8.8 ಗ್ರೇಡ್. ಬಗ್ಗಿಸಿದ ಕಡೆ ಪೈಪ್ ಚಪ್ಪಟೆಯಾಗಿದ್ದರೆ, ಸುಕ್ಕು ಬಿದ್ದಿದ್ದರೆ ವಾಪಸ್ ಕೊಡಿ. ಕಾರ್ಖಾನೆಯ ಹೂಪ್ ಮೇಲೆಯೇ ಇನ್ನೊಂದು ತುಂಡು ಬೆಸೆದು ಎತ್ತರ ಮಾಡಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಟೀ ಕುಡಿದು ಎದ್ದು ಬನ್ನಿ. ಆ ಶಾಖಕ್ಕೆ ಮೂಲ ಉಕ್ಕಿನ ಗುಣವೇ ಹೋಗುತ್ತದೆ.

ತಲೆ ತಾಗಬಹುದಾದ ಕಡೆಯೆಲ್ಲ ಗಟ್ಟಿ ಪ್ಯಾಡಿಂಗ್ ಹಾಕಿ. ಎಫ್‌ಐಎ 8857-2001 ಅಥವಾ ಎಸ್‌ಎಫ್‌ಐ 45.1 ಅಂತ ಬರೆದಿರಬೇಕು. ಎಸಿ ಪೈಪ್‌ಗೆ ಸುತ್ತುವ ಮೆತ್ತನೆ ಕಪ್ಪು ಸ್ಪಂಜು ಸುಮ್ನೆ ನೋಡಲು ಮಾತ್ರ. ಹೆಲ್ಮೆಟ್ ಇಲ್ಲದೆ ಊರೊಳಗೆ ಓಡಿಸುವಾಗ ಬರಿ ತಲೆಯ ಪಕ್ಕ ಉಕ್ಕಿನ ಕೊಳವೆ ಇರುವುದೇ ಒಂದು ಅಪಾಯ.

ಕಾನೂನನ್ನೂ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊರತಾದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಬಂತು. ರಸ್ತೆಯಲ್ಲೂ ಓಡುವ ಕಾರಾದರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಟ್ರ್ಯಾಕ್‌ಗೇ ಮೀಸಲಿಟ್ಟ ಕಾರಾದರೆ ಫ್ಲಾಟ್‌ಬೆಡ್ ಮೇಲೆ ಒಯ್ಯುವುದು ನೆಮ್ಮದಿ. ಇನ್ಶೂರೆನ್ಸ್ ಪಾಲಿಸಿಯನ್ನೂ ತೆಗೆದು ಓದಿ. ರೇಸ್, ವೇಗದ ಪರೀಕ್ಷೆ ಇವು ಅದರ ಬಳಕೆಯ ಮಿತಿಯ ಹೊರಗಿವೆ ಎಂದು ಸ್ಪಷ್ಟವಾಗಿ ಇರುತ್ತದೆ.

ಹಂತ 7: ಬೆಲ್ಟ್, ಹೆಲ್ಮೆಟ್, ಕೈ

ಹೊಸಬರು ಮೊದಲು ಖರೀದಿಸುವುದು ಕಣ್ಣು ಕುಕ್ಕುವ ಬಣ್ಣದ ನಾಲ್ಕು ಪಾಯಿಂಟ್ ಹಾರ್ನೆಸ್, ಅಂದರೆ ಎರಡೂ ಭುಜ ಮತ್ತು ಸೊಂಟ ಬಿಗಿಯುವ ರೇಸಿಂಗ್ ಬೆಲ್ಟ್. ಗಟ್ಟಿ ರೋಲ್ ಬಾರ್ ಇಲ್ಲದ ಕಾರಿಗೆ ಅದು ಬೇಡ. ಮಾಮೂಲಿ ಮೂರು ಪಾಯಿಂಟ್ ಬೆಲ್ಟ್‌ನಲ್ಲಿ, ಮೇಲಿನಿಂದ ಒತ್ತಡ ಬಂದಾಗ ಮೈ ಪಕ್ಕಕ್ಕೆ ವಾಲಲು ಸ್ವಲ್ಪವಾದರೂ ಅವಕಾಶ ಇರುತ್ತದೆ. ಹಾರ್ನೆಸ್ ನಿಮ್ಮನ್ನು ನೆಟ್ಟಗೆ ಕಟ್ಟಿ ನಿಲ್ಲಿಸುತ್ತದೆ, ಕಾರಿನ ಭಾರ ನೇರ ಕತ್ತಿನ ಮೇಲೆ. ಭುಜದ ಪಟ್ಟಿಗಳನ್ನು ಸೀಟಿನ ಹಿಂದೆ ನೆಲಕ್ಕೆ ಬಿಗಿಯುವುದೂ ತಪ್ಪು. ಮುಂದೆ ಡಿಕ್ಕಿಯಾದಾಗ ಅವು ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತವೆ. ಕಾರ್ಖಾನೆಯ ಹೂಪ್‌ಗೆ ಪಟ್ಟಿ ಸುತ್ತಬೇಡಿ, ಅದನ್ನು ಆ ಎಳೆತಕ್ಕೆಂದು ಮಾಡಿಲ್ಲ. ಕಾರ್ಖಾನೆಯ ಹೂಪ್ ಇದ್ದರೆ ಕಾರ್ಖಾನೆಯ ಬೆಲ್ಟು ಅನ್ನುವುದೇ ನನ್ನ ಲೆಕ್ಕ.

ಹೆಲ್ಮೆಟ್ ಕಾರು ರೇಸಿಗೆಂದೇ ಪರೀಕ್ಷಿಸಿದ ಸ್ನೆಲ್ ಎಸ್‌ಎ ಗುರುತಿನದ್ದಾಗಲಿ. ಬೈಕಿನ ಹೆಲ್ಮೆಟ್‌ಗೆ ಬೆಂಕಿಯ ಪರೀಕ್ಷೆ ಇರುವುದಿಲ್ಲ, ರೋಲ್ ಬಾರ್‌ಗೆ ಬಡಿಯುವುದನ್ನು ಮನಸ್ಸಿನಲ್ಲಿಟ್ಟೂ ಮಾಡಿರುವುದಿಲ್ಲ. ಟಾಪ್ ತೆರೆದು ಓಡಿಸುವವರಿಗೆ ಇನ್ನೊಂದು: ಪಲ್ಟಿಯಾಗುವಾಗ ಕೈ ತಾನಾಗಿಯೇ ಮೇಲಕ್ಕೆ ಹೋಗುತ್ತದೆ, ತಡೆಯಲು ಆಗುವುದಿಲ್ಲ. ಹಾರ್ನೆಸ್ ಹಾಕುವ ಮಟ್ಟಕ್ಕೆ ಹೋದವರು ಮುಂಗೈ ಕಟ್ಟುವ ಆರ್ಮ್ ರಿಸ್ಟ್ರೇಂಟ್ ಕೂಡ ಸೇರಿಸಿಕೊಳ್ಳಲಿ. ಉಳಿದವರು ಟಾಪ್ ಮುಚ್ಚಿಯೇ ಓಡಿಸಿ.

ಹಂತ 8: ಹೊರಡುವ ಮುಂಚೆ, ಬಂದ ಮೇಲೆ

ದುಡ್ಡು ಕಟ್ಟುವ ಮೊದಲು ಆಯೋಜಕರಿಗೆ ಬರೆದು ಕೇಳಿ: ಕನ್ವರ್ಟಿಬಲ್ ಬಿಡುತ್ತೀರಾ, ಕಾರ್ಖಾನೆಯ ಹೂಪ್ ಸಾಕಾ, ಟಾಪ್ ಮುಚ್ಚಿರಬೇಕಾ? ಒಬ್ಬೊಬ್ಬರ ನಿಯಮ ಒಂದೊಂದು ರೀತಿ. ಕೋಲಿನ ಫೋಟೊ ಜತೆಗೆ ಕಳಿಸಿ. ಫೋನಿನಲ್ಲಿ "ಬನ್ನಿ ಸರ್, ನೋಡೋಣ" ಅಂದದ್ದನ್ನು ನಂಬಿ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ 300 ಕಿಲೋಮೀಟರ್ ಹೋಗಿ ಗೇಟಿನಲ್ಲಿ ವಾಪಸ್ ಬರುವುದು ಯಾರಿಗೆ ಬೇಕು?

ಬೆಳಗ್ಗೆ ಪಿಟ್‌ನಲ್ಲಿ ಹೂಪ್‌ನ ಬೋಲ್ಟು, ಸೀಟಿನ ಬೋಲ್ಟು ಒಂದು ಸುತ್ತು ನೋಡಿ. ಡ್ಯಾಶ್‌ಬೋರ್ಡ್ ಲೈಟ್‌ಗಳನ್ನೂ ನೋಡಿ. ಸೀಟು ನೀವು ಅಳತೆ ಮಾಡಿದ ಜಾಗದಲ್ಲೇ ಇದೆಯೇ? ಹಿಂದಿನ ದಿನ ಹೆದ್ದಾರಿಯಲ್ಲಿ ಆರಾಮಕ್ಕೆಂದು ಎತ್ತರಿಸಿರುತ್ತೀರಿ. ಹಳಿಯ ಮೇಲೆ ಸಣ್ಣ ತುಂಡು ಟೇಪ್ ಅಂಟಿಸಿ ಗುರುತು ಮಾಡಿಟ್ಟಿದ್ದರೆ ಅರ್ಧ ನಿಮಿಷದಲ್ಲಿ ಸರಿಮಾಡಬಹುದು. ಟ್ರ್ಯಾಕ್‌ನಿಂದ ಹೊರಗೆ ಜಾರಿ ಮಣ್ಣಿಗೆ ಇಳಿದಿದ್ದರೆ, ಪಲ್ಟಿಯಾಗದಿದ್ದರೂ ಸರಿ, ಬೆಂಗಳೂರಿಗೆ ಹೊರಡುವ ಮುಂಚೆ ಚಕ್ರದ ಒಳಬದಿ, ಸಸ್ಪೆನ್ಷನ್ ತೋಳು, ಟೈರ್‌ನ ಪಕ್ಕ ನೋಡಿ. ರಿಮ್‌ಗೂ ಟೈರ್‌ಗೂ ನಡುವೆ ಹುಲ್ಲು ಸಿಕ್ಕಿಕೊಂಡಿದ್ದರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ. ಗಾಳಿ ಚೆಕ್ ಮಾಡಿಸಿ, ಕೃಷ್ಣಗಿರಿ ಟೋಲ್ ಹತ್ತಿರ ಇನ್ನೊಂದು ಸಲ ನೋಡಿ.